ಡಾಕ್ಟರ ಕಾಕಾರ ಗಾಜಿನೊಳಗಿನ ಮಿಡಿತ

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿತ್ತು, ಗ್ಯಾಸೂ ತೀರಿತ್ತು. ಸೊಸೆ ಅಟ್ಟದ ಮೇಲಿಂದ ಹಳೆಯ ಸ್ಟೋವು ಇಳಿಸಿ, ಚಿಮಣಿ ಎಣ್ಣೆ ಹಾಕಿ ಹೊತ್ತಿಸಿ, ಮೊಮ್ಮಗಳಿಗೆಂದು ಒಂದು ಮೊಟ್ಟೆ ಒಡೆದಳು. ಚಿಮಣಿ ಎಣ್ಣೆಯ ಬಿಸಿ ವಾಸನೆಯೊಳಗೆ ಹಸಿ ಮೊಟ್ಟೆಯ ವಾಸನೆ ಕೂಡಿಕೊಂಡಿತು. ನಾನು ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದೆ. ಅಡಕತ್ತರಿ ಕೈಯಲ್ಲೇ ನಿಂತಿತು. ಇನ್ನೊಂದು ಕೈಯ ತೋರುಬೆರಳು ತಾನಾಗಿಯೇ ನೆಲ ಬಡಿಯತೊಡಗಿತ್ತು. ಟಕ್... ಟಕ್... ಟಕ್... ಒಂದೇ ಅಳತೆಯಲ್ಲಿ.

"ಮುತ್ಯಾ, ಏನ್ ಬಡ್ಯಾಕತ್ತಿ?" ಎಂದಳು ಮೊಮ್ಮಗಳು.

ಏನಿಲ್ಲ ಎಂದೆ. ಈ ವಯಸ್ಸಿಗೆ ಸುಳ್ಳು ಸರಾಗವಾಗಿ ಬರುತ್ತದೆ. ಹಾಗೆ ನೋಡಿದರೆ ಆ ವಯಸ್ಸಿಗೂ ನನಗೆ ಸರಾಗವಾಗಿಯೇ ಬರುತ್ತಿತ್ತು.

ನಾವು ಗೋಕಾಕದ ಬೊಂಬೆ ಮಾಡುವವರು. ಹಗುರ ಕಟ್ಟಿಗೆ ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚಿ ಬಾಳೆಹಣ್ಣು, ಮಾವಿನಹಣ್ಣು, ಪೇಟೆಯ ಸಾಹುಕಾರ, ಸೊಂಟದ ಮೇಲೆ ಕೊಡ ಹೊತ್ತ ಹೆಂಗಸು, ಎಲ್ಲ ಮಾಡುತ್ತಿದ್ದೆವು. ಎರಡನೇ ಮಹಾಯುದ್ಧ ಸುರುವಾಗುವ ಹಿಂದುಮುಂದಿನ ಮಾತು ಇದು. ನನಗೆ ಆಗ ಮದುವೆಯಾಗಿ ಎರಡು ವರ್ಷ. ಮಾರ್ಕಂಡೇಯ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಬ್ಬ ಡಾಕ್ಟರು ಬಂದು ಮನೆ ಹಿಡಿದಿದ್ದರು. ಹುಕ್ಕೇರಿ ಕಡೆಯ ಜೈನರ ಮನೆತನ, ಹೊಲಮನೆ ಇದ್ದವರು. ಮುಂಬಯಿಯ ಯಾವುದೋ ಪ್ರಯೋಗಶಾಲೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಬಿಟ್ಟು ಬಂದಿದ್ದರು. ಓಣಿಯವರೆಲ್ಲ ಡಾಕ್ಟರ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಯಲ್ಲಿ ಅವರು ಮತ್ತು ಅವರ ವಿಧವೆ ಅಕ್ಕ, ಇಬ್ಬರೇ.

ನಾನು ಹೋದದ್ದು ಅವರ ಹಳೆಯ ಪೆಟ್ಟಿಗೆಯಲ್ಲಿ ಕಾವು ನಿಲ್ಲುತ್ತಿಲ್ಲವೆಂದು ಹೊಸದೊಂದು ಮಾಡಿಕೊಡಲು. ಎರಡು ಪದರದ ಗೋಡೆ, ನಡುವೆ ಕಟ್ಟಿಗೆ ಹೊಟ್ಟು, ಕೆಳಗೆ ಚಿಮಣಿ ದೀಪ ಇಡಲು ಜಾಗ, ಒಳಗೆ ಕೋಳಿಯ ರೆಕ್ಕೆಯ ಕೆಳಗಿದ್ದಷ್ಟೇ ಕಾವು ಹಗಲೂ ಇರುಳೂ ಇರಬೇಕು ಎಂದರು. ಜೈನರ ಮನೆಯಲ್ಲಿ ಕೋಳಿಯ ಮಾತು ಯಾಕೆ ಬಂತು ಎಂದು ನನಗೆ ಅನಿಸಿತು. ಕೇಳಲಿಲ್ಲ. ಪೆಟ್ಟಿಗೆ ಕೊಡಲು ಹೋದ ದಿನ ತಿಳಿಯಿತು.

ಮೂಡಲಗಿಯಿಂದ ಒಬ್ಬ ಹೆಂಗಸು ತೌಡಿನ ಬುಟ್ಟಿಯಲ್ಲಿ ಕಾವಿಗೆ ಕೂತ ಮೊಟ್ಟೆ ಹುಗಿದು ತರುತ್ತಿದ್ದಳು. ಹಿತ್ತಿಲ ಬಾಗಿಲಿನಿಂದಲೇ ಬರಬೇಕು, ಅಡುಗೆಮನೆಯ ಹೊಸ್ತಿಲ ಕಡೆ ನೋಡಲೂ ಬಾರದು. ಕಾಕಾ ಮೊಟ್ಟೆ ಒಡೆದು, ಒಳಗೆ ಇನ್ನೂ ಮರಿಯಾಗದ ಮರಿಯ ಗುಂಡಿಗೆಯಿಂದ ಸಾಸಿವೆ ಕಾಳಿನಷ್ಟು ಚೂರು ತೆಗೆದು, ತೆಳು ಗಾಜಿನ ಮೇಲೆ ಒಂದು ಹನಿ ರಸದಲ್ಲಿ ಇಟ್ಟು, ಗಾಜನ್ನು ಬೋರಲು ಹಾಕಿ ಮೇಣದಿಂದ ಅಂಚು ಮುಚ್ಚುತ್ತಿದ್ದರು. ಮೊಟ್ಟೆ ಒಡೆದ ದಿನ ಅವರು ಊಟ ಮಾಡುತ್ತಿರಲಿಲ್ಲ. ಕಾಯಿಸಿದ ನೀರು, ಅಷ್ಟೇ. ಒಂದು ದಿನ ಬಿಟ್ಟು ಒಂದು ದಿನ ಮೊಟ್ಟೆ ಒಡೆಯಬೇಕಾಗುತ್ತಿತ್ತು, ಯಾಕೆಂದರೆ ಗಾಜಿನೊಳಗಿನ ಚೂರಿಗೆ ಹೊಸ ರಸ ಬೇಕು, ರಸ ಬರುವುದು ಇನ್ನೊಂದು ಮೊಟ್ಟೆಯಿಂದ. ಒಂದನ್ನು ಬದುಕಿಸಲು ಇನ್ನೊಂದು. ಆ ಮನುಷ್ಯನ ಎದೆಗೂಡಿನ ಎಲುಬು ಅಂಗಿಯ ಮೇಲಿಂದಲೇ ಎಣಿಸಬಹುದಿತ್ತು.

"ನೋಡು," ಎಂದು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ನೋಡಿದೆ. ನೋಡಿ ಹಿಂದಕ್ಕೆ ಸರಿದೆ. ಮರಿ ಇಲ್ಲ, ಮೈ ಇಲ್ಲ, ರೆಕ್ಕೆ ಕಾಲು ಏನೂ ಇಲ್ಲ. ಆದರೂ ಅದು ಮಿಡಿಯುತ್ತಿತ್ತು. ಯಾರಿಗಾಗಿ ಮಿಡಿಯುತ್ತಿದೆ ಎಂದು ಅದಕ್ಕೇ ಗೊತ್ತಿಲ್ಲದ ಹಾಗೆ, ಬಿಗಿದು ಸಡಿಲ, ಬಿಗಿದು ಸಡಿಲ... ದೆವ್ವ ಎಂದರೆ ಬಿಳಿ ಸೀರೆ ಉಟ್ಟದ್ದು ಎಂದು ತಿಳಿದವನು ನಾನು.

"ಎಷ್ಟ ದಿನ ಆತ್ರಿ ಇದಕ್ಕ?" ಎಂದೆ.

"ನಲವತ್ತೊಂದು. ಇದರ ಮರಿ ಹುಟ್ಟಿದ್ದರ ಇಷ್ಟೊತ್ತಿಗೆ ಹಿತ್ತಲದಾಗ ಓಡ್ಯಾಡತಿತ್ತು," ಎಂದರು ಕಾಕಾ. ಮುಖದಲ್ಲಿ ನಗೆ ಇರಲಿಲ್ಲ.

ಅವರಿಗೆ ಇದೆಲ್ಲ ಯಾಕೆ ಬೇಕಾಗಿತ್ತು ಎಂಬುದನ್ನು ಅವರ ಅಕ್ಕ ಒಂದು ದಿನ ಬಾಗಿಲ ಮರೆಯಿಂದ ಹೇಳಿದರು. ಕಾಕಾ ಮುಂಬಯಿಯಲ್ಲಿದ್ದಾಗ ಊರಲ್ಲಿ ತಾಯಿಯಿಲ್ಲದ ಅವರ ಒಬ್ಬಳೇ ಮಗಳಿಗೆ ಚೇಳು ಕಡಿದಿತ್ತು. ನಮ್ಮ ಕಡೆಯ ಕೆಂಪು ಚೇಳು. ಕಡಿದದ್ದು ಕಾಲಬೆರಳಿಗೆ, ಸತ್ತದ್ದು ಎದೆ ನಿಂತು. ಮಂತ್ರ ಹಾಕಿಸಿದ್ದರು, ಬೇರು ಅರೆದು ಹಚ್ಚಿದ್ದರು, ಏನೂ ನಾಟಲಿಲ್ಲ. ತಾರು ಮುಟ್ಟಿ ಕಾಕಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಕಾಲಿಗೆ ಕಡದರ ಎದಿ ಯಾಕ ನಿಲ್ಲಬೇಕು? ಇದೊಂದ ನನಗ ತಿಳೀಬೇಕು," ಎನ್ನುತ್ತಿದ್ದರು ಕಾಕಾ. "ಬದುಕಿದ್ದ ಕೂಸಿನ ಎದ್ಯಾಗ ಇಣಿಕಿ ನೋಡಾಕ ಬರೂದಿಲ್ಲ. ಅದಕ್ಕ ಈ ಸಣ್ಣ ಎದಿ. ಇದರಾಗ ಏನ ಆಗತೈತಿ ಅದ ಕೂಸಿನಾಗೂ ಆಗತೈತಿ."

ಆದರೆ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಗಾಜಿನೊಳಗೆ ಅವರಿಗೆ ಮಂಜಷ್ಟೇ ಕಾಣುತ್ತಿತ್ತು. ನನ್ನ ಕಣ್ಣು ಚುರುಕು, ಕೈ ಬರೆಯುವ ಕೈ. ಆದ್ದರಿಂದ ಪೆಟ್ಟಿಗೆ ಮಾಡಲು ಹೋದವನು ಅಲ್ಲೇ ಉಳಿದೆ. ಬೆಳಿಗ್ಗೆ ಮನೆಯಲ್ಲಿ ಬೊಂಬೆ, ಮಧ್ಯಾಹ್ನ ಕಾಕಾರ ಮನೆ. ಒಂದು ಕಣ್ಣು ಕೊಳವೆಗೆ ಹಚ್ಚಿ, ಚೂರು ಮಿಡಿದ ಹಾಗೆ ಬೆರಳಿನಿಂದ ಮೇಜು ಬಡಿಯಬೇಕು. ಕಾಕಾ ಗಡಿಯಾರ ಕಿವಿಗೆ ಹಿಡಿದು ಲೆಕ್ಕ ಇಡುವರು. ಆಮೇಲೆ ಕಂಡದ್ದನ್ನು ಕಾಗದದ ಮೇಲೆ ಅಂಗೈಯಗಲ ದೊಡ್ಡದು ಮಾಡಿ ಬರೆಯಬೇಕು, ಹಾಗಿದ್ದರೆ ಮಾತ್ರ ಅವರಿಗೆ ಕಾಣುತ್ತಿತ್ತು.

ಚೂರಿನ ಅಂಚಿನಿಂದ ಸಣ್ಣ ಸಣ್ಣ ಜೀವಗಳು ಹೊರಗೆ ಹರಿದು ಬಂದಿರುತ್ತಿದ್ದವು. ಕಾಕಾ ಮರಾಠಿಯಲ್ಲಿ ಪೇಶಿ ಎನ್ನುತ್ತಿದ್ದರು. ನನ್ನ ಮೊಮ್ಮಗಳ ಪುಸ್ತಕದಲ್ಲಿ ಈಗ ಜೀವಕೋಶ ಎಂದು ಬರೆದಿದೆ. ಪ್ರತಿಯೊಂದರ ನಡುವೆ ಒಂದು ಚುಕ್ಕೆ. ಆ ಚುಕ್ಕೆಯ ಮೇಲೇ ಎಲ್ಲ ನಿಂತಿತ್ತು. ಚೇಳಿನ ವಿಷ ಹಾಕಿದಾಗ ಮಿಡಿತ ಮೊದಲು ಓಡುತ್ತದೆ, ಆಮೇಲೆ ಎಡವುತ್ತದೆ, ಆಮೇಲೆ ನಿಲ್ಲುತ್ತದೆ. ನಿಂತರೂ ಚುಕ್ಕೆ ಗಟ್ಟಿಯಾಗಿದ್ದರೆ ಒಳಗೆ ಜೀವ ಇದೆ, ಮತ್ತೆ ಎಬ್ಬಿಸಬಹುದು. ಚುಕ್ಕೆ ಒಡೆದು ಪುಡಿಯಾಯಿತೋ, ಮುಗಿಯಿತು. ಕಾಕಾ ಒಂದು ಗಿಡದ ಬೇರಿನಿಂದ ಸತ್ವ ಇಳಿಸಿದ್ದರು. ವಿಷದ ಜೊತೆ ಅದನ್ನೂ ಹಾಕಿದರೆ ಚುಕ್ಕೆ ಉಳಿಯುತ್ತದೆಯೋ ಇಲ್ಲವೋ, ಇದೇ ಪರೀಕ್ಷೆ. ಮೊದಲ ಚೂರನ್ನು ತಾಯಿ ಎಂದು ಬೇರೆ ಇಟ್ಟಿದ್ದರು. ಅದರಿಂದ ತುಣುಕು ತೆಗೆದು ಬೆಳೆಸಿ, ಆ ತುಣುಕುಗಳಿಗೆ ಮಾತ್ರ ವಿಷ ಹಾಕುತ್ತಿದ್ದರು.

ಇಲ್ಲಿ ನಾನೊಂದು ಮಾತು ಹೇಳಬೇಕು, ಹೇಳಲು ನಾಲಿಗೆ ಏಳುವುದಿಲ್ಲ. ನಮ್ಮ ಮನೆತನದಲ್ಲಿ ಬೊಂಬೆಗೆ ಕಣ್ಣು ಬರೆಯುವುದು ಕಟ್ಟಕಡೆಗೆ. ಆದರೆ ಕಣ್ಣಿಲ್ಲದ ಬೊಂಬೆಯನ್ನು ಹೊತ್ತು ಮುಳುಗಿದ ಮೇಲೆ ಮನೆಯಲ್ಲಿ ಇಡಬಾರದು. ಅದರಲ್ಲೂ ಬಸುರಿ ಇದ್ದ ಮನೆಯಲ್ಲಿ. ಇಟ್ಟರೆ ಹೊಟ್ಟೆಯೊಳಗಿನ ಕೂಸಿಗೆ ಕಣ್ಣು ಮೂಡುವುದಿಲ್ಲ ಎಂದು ನಮ್ಮಜ್ಜಿ ಹೇಳಿದ್ದಳು, ಅವಳ ಅಜ್ಜಿ ಅವಳಿಗೆ ಹೇಳಿದ್ದಳು. ಆಗ ನನ್ನ ಹೆಂಡತಿಗೆ ಐದು ತಿಂಗಳು.

ಕಾಕಾರ ಚಿತ್ರಗಳನ್ನು ನಾನು ಪೆನ್ಸಿಲಿನಲ್ಲಿ ಬರೆದುಕೊಂಡು ಶಾಯಿ ತುಂಬಲು ಮನೆಗೆ ಒಯ್ಯುತ್ತಿದ್ದೆ. ಬೇರಿನ ಸತ್ವ ಹಾಕಿದ ಮೊದಲ ಗಾಜಿನಲ್ಲಿ ಅರ್ಧಕ್ಕರ್ಧ ಚುಕ್ಕೆ ಒಡೆದಿದ್ದವು. ಇದ್ದಂತೆಯೇ ಬರೆದಿದ್ದೆ. ಸಂಜೆ ಮನೆಯಲ್ಲಿ ಹಾಳೆ ಬಿಚ್ಚಿ ಹರಡಿದೆ. ಹಾಳೆಯ ತುಂಬ ಕಣ್ಣು ಹೋದ ಮುಖಗಳು. ಆಚೆ ಹೆಂಡತಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ನನ್ನ ಕೈ ನಿಲ್ಲಲಿಲ್ಲ. ಒಂದೊಂದಕ್ಕೂ ಒಂದು ದುಂಡನೆಯ ಚುಕ್ಕೆ ಇಟ್ಟುಬಿಟ್ಟೆ. ಕೋಳಿಮರಿಯ ಚೂರಿಗೆ ಒಂದು ಚುಕ್ಕೆ ಹೆಚ್ಚಾದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ.

ಮರುದಿನ ಕಾಕಾ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆರಳಿಟ್ಟು ಒಂದೊಂದೇ ಚುಕ್ಕೆ ಎಣಿಸಿದರು. ಎಣಿಸಿ ಮುಗಿಸಿ, ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಹಿತ್ತಿಲಲ್ಲಿ ಹೋಗಿ ನಿಂತರು. ಅವರ ಅಕ್ಕ ನನಗೆ ಬೆಲ್ಲದ ಚೂರು ಕೊಟ್ಟರು. ಆ ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ನಿಜ ಹೇಳುವುದು ಹೇಗೆ? ಮುಂದಿನ ಗಾಜಿಗೂ ಹಾಗೇ ಮಾಡಿದೆ, ಅದರ ಮುಂದಿನದಕ್ಕೂ. ಎರಡು ತಿಂಗಳು... ಕಾಕಾರ ಪಾಲಿಗೆ ಬೇರಿನ ಸತ್ವ ಒಂದು ಸಲವೂ ಸೋಲಲಿಲ್ಲ.

ಅಷ್ಟರಲ್ಲಿ ತುಕ್ಕಾನಟ್ಟಿಯ ರೈತನೊಬ್ಬ ತನ್ನ ಮಗಳನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬಂದ. ಬೆಳಿಗ್ಗೆ ಹತ್ತರ ಹೊತ್ತು, ಶಾಯಿ ತುಂಬಿದ ಹಾಳೆ ಕೊಡಲು ನಾನೂ ಅಲ್ಲಿಗೆ ಬಂದಿದ್ದೆ. ಏಳೆಂಟು ವರ್ಷದ ಹುಡುಗಿ. ಒಲೆಗೆಂದು ಸಗಣಿಯ ಕುಳ್ಳು ತೆಗೆಯುವಾಗ ಬೆರಳಿಗೆ ಚೇಳು ಕಡಿದಿತ್ತು. ಮೈಯೆಲ್ಲ ಬೆವರು, ತುಟಿ ನೀಲಿ. ಅಳುತ್ತಿರಲಿಲ್ಲ. ಅಳುವ ಶಕ್ತಿಯೂ ಇರಲಿಲ್ಲ ಎಂದು ಕಾಣುತ್ತದೆ.

"ಹನ್ನೆರಡರ ಮೋಟಾರ ಹಿಡದ ಘಟಪ್ರಭಾ ಸ್ಟೇಶನ್ನಿಗೆ ಹೋಗಿ, ರೇಲ್ವೇದಾಗ ದೊಡ್ಡ ದವಾಖಾನಿಗೆ ಒಯ್ಯೂನು ಅಂತ ಹೊಂಟೇನ್ರಿ," ಎಂದ ಅವನು. "ಅಲ್ಲೀತನಕಾ ಜೀವ ಹಿಡೀಲಿ ಅಂತ ನಿಮ್ಮ ಕಡೆ ಬಂದೆ."

ಕಾಕಾ ಹುಡುಗಿಯ ತೋಳಿಗೆ ಬೇರಿನ ಸತ್ವದ ಇಂಜೆಕ್ಷನ್ ಕೊಟ್ಟರು. ಅದೇ ಗಳಿಗೆಗೆ ಹಿಂದಿನ ಕೋಣೆಯಲ್ಲಿ ಒಂದು ಗಾಜಿಗೆ ವಿಷವನ್ನೂ ಸತ್ವವನ್ನೂ ಹಾಕಿಸಿದರು. ನನ್ನನ್ನು ಕೊಳವೆಯ ಮುಂದೆ ಕೂರಿಸಿ, ನಡುವಿನ ಬಾಗಿಲು ತೆರೆದಿಟ್ಟು, ತಾವು ಪಡಸಾಲೆಯಲ್ಲಿ ಹುಡುಗಿಯ ಕೈ ಹಿಡಿದು ಕೂತರು. "ಬೆರಳ ಬಡಿ. ನಿಲ್ಲಸಬ್ಯಾಡ. ಅದು ಮುಂದ ಹೋಗಿ ತೋರಸತೈತಿ, ಈಕಿ ಹಿಂದ ಬರ್ತಾಳ," ಎಂದರು.

ಬಡಿದೆ. ಟಕ್, ಟಕ್, ಟಕ್. ಗಾಜಿನಲ್ಲಿ ಮಿಡಿತ ಓಡತೊಡಗಿತು, ನನ್ನ ಬೆರಳೂ ಓಡಿತು. ಆಚೆಯಿಂದ ಕಾಕಾ "ಹೌದು, ಇಲ್ಲೂ ಓಡಾಕತ್ತೈತಿ" ಎಂದರು. ಗಾಜಿನಲ್ಲಿ ಒಂದು ಮಿಡಿತ ತಪ್ಪಿತು. ಸ್ವಲ್ಪ ಹೊತ್ತಿಗೆ ಆಚೆ ಕಾಕಾ "ತಪ್ಪಿತು" ಎಂದರು. ಗಾಜಿನಲ್ಲಿ ಎರಡು ತಪ್ಪಿದವು. ಆಚೆ... ನಾನು ಕೊಳವೆಯಲ್ಲಿ ನೋಡುತ್ತಿದ್ದದ್ದು ಕೋಳಿಯನ್ನಲ್ಲ, ಆ ಹುಡುಗಿಯನ್ನೇ ಎನಿಸಿತು. ಆಮೇಲೆ ಗಾಜಿನೊಳಗಿನದು ನಿಂತುಬಿಟ್ಟಿತು.

ನನ್ನ ಬೆರಳು ನಿಲ್ಲಲಿಲ್ಲ. ಏನೂ ಮಿಡಿಯದಿದ್ದರೂ ನಾನು ಮೇಜು ಬಡಿಯುತ್ತಲೇ ಇದ್ದೆ.

ಪೇಟೆಯ ಕಡೆಯಿಂದ ಹನ್ನೆರಡರ ಮೋಟಾರಿನ ಹಾರ್ನು ಕೇಳಿಸಿತು. ತಂದೆ ಎದ್ದು ನಿಂತ. "ಕಾಕಾರ, ಒಯ್ಯಲೇನ್ರಿ?"

ಕಾಕಾ ನನ್ನನ್ನು ಕೇಳಿದರು. "ಚುಕ್ಕಿ ಹೆಂಗದಾವು?"

ಕಣ್ಣ ಮುಂದೆಯೇ ಚುಕ್ಕೆಗಳು ಒಡೆಯುತ್ತಿದ್ದವು. ಒಂದು, ಇನ್ನೊಂದು, ಅದರ ಪಕ್ಕದ್ದು. ಒಡೆದಾವ್ರಿ ಎಂದರೆ, ಎರಡು ತಿಂಗಳು ಯಾಕೆ ಒಡೆಯಲಿಲ್ಲ ಎಂದು ಕೇಳುತ್ತಾರೆ. ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಆ ಹುಡುಗಿ ಕಾಣಲಿಲ್ಲ. ನನ್ನ ಮಾನ ಮಾತ್ರ ಕಂಡಿತು.

"ಗಟ್ಟಿ ಅದಾವ್ರಿ," ಎಂದೆ.

"ಇಲ್ಲೇ ಇರ್ಲಿ," ಎಂದರು ಕಾಕಾ ತಂದೆಗೆ. "ಮೋಟಾರಿನ್ಯಾಗ ಅಳಗ್ಯಾಡಿಸಿ ಒಯ್ಯೂದು ಬ್ಯಾಡ. ಔಷಧ ಹಿಡದೈತಿ." ಆ ಮನುಷ್ಯ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಮತ್ತೆ ಕೂತ. ಮೋಟಾರು ಹೋಯಿತು. ನಾನು ಮೇಜು ಬಡಿಯುತ್ತಲೇ ಇದ್ದೆ. ಎಷ್ಟು ಹೊತ್ತು ಬಡಿದೆನೋ ಗೊತ್ತಿಲ್ಲ, ಹಿತ್ತಿಲ ಬಿಸಿಲು ಗೋಡೆ ಹತ್ತುವವರೆಗೆ. ಕಡೆಗೆ ಕಾಕಾರ ಧ್ವನಿ ಬಂತು, ಬಹಳ ಮೆಲ್ಲಗೆ.

"ಸಾಕು. ಬೆರಳ ನಿಲ್ಲಸು."

ದೊಡ್ಡ ದವಾಖಾನೆಗೆ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ, ದೇವರೇ ಬಲ್ಲ. ಆ ಕಾಲಕ್ಕೆ ಅಲ್ಲೂ ಚೇಳಿನ ವಿಷಕ್ಕೆ ಮದ್ದು ಇರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಅದು ನನಗೆ ಬೇಡವಾದ ಸಮಾಧಾನ. ಹೋಗುವ ದಾರಿಯನ್ನು ಮುಚ್ಚಿದವನು ನಾನು.

ತಂದೆ ಕಾಕಾರನ್ನು ಬೈಯಲಿಲ್ಲ. ಮಗಳನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋದ. ಮರುದಿನ ಮೂಡಲಗಿಯ ಹೆಂಗಸು ಬುಟ್ಟಿ ತಂದಾಗ ಕಾಕಾ ಇನ್ನು ಮುಂದೆ ಮೊಟ್ಟೆ ಬೇಡ ಎಂದು ಕಳಿಸಿದರು. ಒಳಗೆ ತಾಯಿ ಚೂರು ಇನ್ನೂ ಮಿಡಿಯುತ್ತಿತ್ತು. ಮೂರು ತಿಂಗಳು ದಾಟಿತ್ತು ಅದಕ್ಕೆ. ಹೊಸ ರಸ ಕೊಡಬೇಕೆಂದರೆ ಇನ್ನೊಂದು ಜೀವ ತೆಗೆಯಬೇಕು, ಕೊಡದಿದ್ದರೆ ಇದು ಹಸಿದು ಸಾಯುತ್ತದೆ. ಕಾಕಾ ತಾವೇ ಒಂದು ತೀರ್ಮಾನ ಮಾಡಿದರು. ಅದು ಹಸಿದಿರುವವರೆಗೆ ತಾವೂ ಹಸಿದಿರುವುದು.

ದಿನಾ ಮಧ್ಯಾಹ್ನ ನಾನು ಹೋಗಬೇಕು, ಕೊಳವೆಗೆ ಕಣ್ಣು ಹಚ್ಚಿ ಬೆರಳು ಬಡಿಯಬೇಕು. ಅವರು ಗೋಡೆಗೆ ಒರಗಿ ಕೂತು ಕೇಳುವರು. ಮೊದಲ ದಿನಗಳಲ್ಲಿ ಮಿಡಿತ ಚೆನ್ನಾಗಿತ್ತು. ಆಮೇಲೆ ನಡುನಡುವೆ ಉಸಿರು ಕಟ್ಟುವಷ್ಟು ಅಂತರ. ನಿಂತಿತು ಎಂದುಕೊಳ್ಳುವಷ್ಟರಲ್ಲಿ ಮತ್ತೊಂದು... ಇಡೀ ಮನೆ ಆ ಒಂದು ಬೆರಳಿನ ಸದ್ದಿಗೆ ಕಾಯುತ್ತಿತ್ತು. ನಮ್ಮ ಮನೆಗೆ ಬಂದರೂ ಆ ಸದ್ದು ಬಿಡುತ್ತಿರಲಿಲ್ಲ. ಹೆಂಡತಿಯ ಹೊಟ್ಟೆಗೆ ಕಿವಿ ಇಟ್ಟರೆ ಒಳಗೂ ಅದೇ. ಕಿವಿ ತೆಗೆದುಬಿಡುತ್ತಿದ್ದೆ.

ಎಂಟನೇ ದಿನ ಅಕ್ಕ ನನ್ನನ್ನು ಹಿತ್ತಿಲಲ್ಲೇ ತಡೆದರು. ಎಂದೂ ನನ್ನ ಮುಂದೆ ನಿಂತು ಮಾತಾಡಿದವರಲ್ಲ. ಸೆರಗು ಬಾಯಿಗೆ ಒತ್ತಿ ಹಿಡಿದಿದ್ದರು.

"ತಮ್ಮಾ, ಇವತ್ತ ಎದ್ದ ಕುಂದ್ರಾಕ ಆಗವಲ್ದು ಅಂವಗ. ನನಗ ಅಂವನ ಬಿಟ್ಟರ ಯಾರದಾರ? ಅದು ಯಾವಾಗ ನಿಲ್ಲತೈತೋ ಏನೋ."

ಒಳಗೆ ಹೋದೆ. ಕೊಳವೆಗೆ ಕಣ್ಣು ಹಚ್ಚಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಚೂರಿನ ಒಂದು ಮೂಲೆ ಮಾತ್ರ, ನಿದ್ದೆಯಲ್ಲಿ ಕೂಸಿನ ತುಟಿ ಅಲುಗಿದಂತೆ, ಬಿಗಿದು ಸಡಿಲಾಯಿತು. ಮತ್ತೆ ಕಾದೆ. ಮತ್ತೆ ಅಲುಗಿತು. ನನ್ನ ಬೆರಳು ಮೇಜಿನ ಮೇಲೆ ಎತ್ತಿದ್ದು ಎತ್ತಿದಂತೆಯೇ ಇತ್ತು. ನಾನದನ್ನು ಮೆಲ್ಲಗೆ ಮಡಚಿಕೊಂಡೆ.

"ನಿಂತೈತ್ರಿ ಕಾಕಾ," ಎಂದೆ.

ಅವರು ಏನೂ ಕೇಳಲಿಲ್ಲ. ಚುಕ್ಕೆಯನ್ನೂ ಕೇಳಲಿಲ್ಲ. ದೀಪ ಆರಿಸು ಎಂದರು. ಪೆಟ್ಟಿಗೆಯ ಕೆಳಗಿನ ದೀಪವನ್ನು ನಾನೇ ಊದಿ ಆರಿಸಿದೆ. ಗಾಜನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೊಳೆಗೆ ಹೋದೆ. ಸಾಸಿವೆ ಕಾಳಿನಷ್ಟರ ಮಿಡಿತ ಗಾಜಿನ ಮೂಲಕ ಕೈಗೆ ತಾಗುವುದು ಸಾಧ್ಯವಿಲ್ಲ, ನನಗೂ ಗೊತ್ತು. ಆದರೂ ಖರೆ ಹೇಳುತ್ತೇನೆ, ದಾರಿಯುದ್ದಕ್ಕೂ ಅದು ನನ್ನ ಅಂಗೈಗೆ ತಾಗುತ್ತಿತ್ತು. ನೀರಿನಲ್ಲಿ ಬಿಟ್ಟೆ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ತಾಗಿತು.

ತಿರುಗಿ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಅಕ್ಕ ಗಂಜಿ ಕುಡಿಸುತ್ತಿದ್ದರು. ನಾಲ್ಕು ಗುಟುಕು ಕುಡಿದು ಕಾಕಾ ಕೈ ಎತ್ತಿ ಸಾಕೆಂದರು. ಪೊರೆ ತುಂಬಿದ ಕಣ್ಣನ್ನು ನನ್ನ ಕಡೆ, ನಾನು ನಿಂತಲ್ಲಿಗಿಂತ ಸ್ವಲ್ಪ ಬಾಜೂಕ್ಕೆ, ತಿರುಗಿಸಿದರು.

"ಈ ಸುಳ್ಳಿನ ಪಾಪ ನಿನಗ ಹತ್ತೂದಿಲ್ಲ," ಎಂದರು.

ಈ ಸುಳ್ಳಿನದು. ಅಷ್ಟೇ ಅಂದರು. ಇನ್ನೊಂದರ ಮಾತು ಅವರು ಎತ್ತಲಿಲ್ಲ, ಅಂದೂ ಇಲ್ಲ, ಮುಂದೆಯೂ ಇಲ್ಲ. ಹುಡುಗಿ ಸತ್ತ ಸಂಜೆಯೇ ಅವರಿಗೆ ನಾನು ಮಾಡಿದ್ದು ತಿಳಿದಿರಬೇಕು. ತಿಳಿದೂ ಎಂಟು ದಿನ ನನ್ನ ಬೆರಳನ್ನೇ ನಂಬಿ ಕೂತಿದ್ದರಲ್ಲ... ನಾನು ಬಾಗಿಲ ಬಳಿ ನಿಂತವನು ನಿಂತಂತೆಯೇ ಅತ್ತೆ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ದೀಪಾವಳಿಗೆ ಮೊದಲೇ ಅಕ್ಕ ತಮ್ಮ ಇಬ್ಬರೂ ಹುಕ್ಕೇರಿ ಕಡೆಯ ಊರಿಗೆ ಹೋದರು. ಚೇಳಿನ ವಿಷದ ಕೆಲಸವನ್ನು ಕಾಕಾ ಮತ್ತೆ ಮುಟ್ಟಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರೆಂದು ಸುದ್ದಿ ಬಂತು. ಮಣ್ಣಿಗೆ, ಬೆಂಕಿಗೆ, ಯಾವುದಕ್ಕೂ ನಾನು ಹೋಗಲಿಲ್ಲ. ಮುಖ ಇರಲಿಲ್ಲ ನನಗೆ. ನನ್ನ ಮಗಳು ಎರಡೂ ಕಣ್ಣು ಅಗಲ ಬಿಟ್ಟುಕೊಂಡೇ ಹುಟ್ಟಿದಳು. ಮನೆಯಲ್ಲಿ ಸಕ್ಕರೆ ಹಂಚಿದರು. ನಾನು ಹಿತ್ತಿಲಿಗೆ ಹೋಗಿ ಕೂತೆ.

ಈಗ ಆ ಓಣಿಯಲ್ಲಿ ಆ ಮನೆಯೂ ಇಲ್ಲ. ಚೇಳು ಕಡಿದವರಿಗೆ ಈಗ ಗುಳಿಗೆ ಇದೆಯಂತೆ, ಎದೆ ನಿಲ್ಲದಂತೆ ಕಾಯುತ್ತದಂತೆ. ಕಾಕಾ ಹುಡುಕುತ್ತಿದ್ದ ದಾರಿ ತಪ್ಪಿರಲಿಲ್ಲ. ನನ್ನ ಕೈಯ ಬದಲು ಒಂದು ಪ್ರಾಮಾಣಿಕ ಕೈ ಸಿಕ್ಕಿದ್ದರೆ ಆ ಬೇರು ಬಿಟ್ಟು ಇನ್ನೊಂದನ್ನು ಹುಡುಕುತ್ತಿದ್ದರು, ಅದಲ್ಲದಿದ್ದರೆ ಮತ್ತೊಂದನ್ನು.

ನಿನ್ನೆ, ಮನೆಯಲ್ಲಿ ಯಾರಿಗೂ ಹೇಳದೆ, ಬಸ್ಸು ಹತ್ತಿ ತುಕ್ಕಾನಟ್ಟಿಗೆ ಹೋಗಿ ಇಳಿದೆ. ಏನು ಮಾಡಬೇಕೆಂದು ಹೋದೆನೋ, ಯಾರ ಕಾಲಿಗೆ ಬೀಳಬೇಕೆಂದು ಹೋದೆನೋ. ಚಹಾದ ಅಂಗಡಿಯವ ಬೆಂಚು ಒರೆಸಿ ಕೂರಿಸಿದ. ಒಳ್ಳೆಯ ಹುಡುಗ.

"ಯಾರ ಮನಿಗೆ ಹೋಗಬೇಕ್ರಿ ಅಜ್ಜಾರ? ಹೆಸರ ಹೇಳ್ರಿ, ತೋರಸತೇನಿ," ಎಂದ.

ಬಾಯಿ ತೆರೆದೆ. ಆ ಹುಡುಗಿಯ ಹೆಸರನ್ನಾಗಲಿ, ಅವಳ ತಂದೆಯ ಹೆಸರನ್ನಾಗಲಿ ನಾನು ಅಂದು ಕೇಳಿಯೇ ಇರಲಿಲ್ಲ. ಬಂದ ಬಸ್ಸಿಗೇ ತಿರುಗಿ ಹತ್ತಿದೆ.